ನಮ್ಮ ಕಾರಿನ ಬಾನೆಟ್ ಮೇಲಿರುವ ತೂತಿನ ವಿಚಾರವಾಗಿ

ಮಾನ್ಯ ವಾಹನ ಪರಿಶೀಲನಾಧಿಕಾರಿಗಳೇ,

ತಮಗೂ, ತಮ್ಮ ಮೇಜಿನ ಮೇಲಿರುವ ಮೂರು ಬಗೆಯ ಮೊಹರುಗಳಿಗೂ, ಅವುಗಳ ಶಾಯಿ ಒಣಗದಂತೆ ಕಾಯುತ್ತಿರುವ ಗುಮಾಸ್ತರಿಗೂ ಮೊದಲು ನಮಸ್ಕಾರ. ಈ ಪತ್ರವನ್ನು ತಮಗೊಬ್ಬರಿಗೇ ಬರೆಯಬಹುದಿತ್ತು. ಹಾಗೆ ಬರೆದ ನಾಲ್ಕು ಪತ್ರಗಳು ತಮ್ಮ ಕಪಾಟಿನಲ್ಲಿ ಸುಖವಾಗಿ ಮಲಗಿವೆ, ಅವುಗಳ ನಿದ್ದೆ ಕೆಡಿಸುವುದು ಬೇಡವೆಂದು ಐದನೆಯದನ್ನು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಕಳೆದ ತಿಂಗಳ ಮೊದಲ ಸೋಮವಾರ ನಮ್ಮ ಅಕ್ಕನ ಕಾರಿಗೆ ಅರ್ಹತಾ ಪತ್ರ ಕೊಡುತ್ತೇವೆ ಎಂದಿರಿ, ಕೊಡಲಿಲ್ಲ. ಕಾರ್ಖಾನೆಯ ಕೈಪಿಡಿ ತಂದರೆ ಸಾಕು ಎಂದಿರಿ, ತಂದೆವು, ಸಾಕಾಗಲಿಲ್ಲ. ಬಾನೆಟ್ ಮೇಲಿನ ತೂತು ಮುಚ್ಚಿಕೊಂಡು ಬನ್ನಿ, ಅಂದೇ ಸಹಿ ಎಂದಿರಿ. ಮುಚ್ಚಿದೆವು, ಸಹಿ ಬೀಳಲಿಲ್ಲ. ತೂತು ಮತ್ತೆ ತೆರೆದು ಬನ್ನಿ, ನೋಡೋಣ ಎಂದಿರಿ. ತೆರೆದೆವು, ತಾವು ನೋಡಿದಿರಿ, ನೋಡಿದ್ದಷ್ಟೇ ಆಯಿತು.

ಬರುವ ಭಾನುವಾರ ಹಳೆಯ ಬೆಟ್ಟದ ರಸ್ತೆಯಲ್ಲಿ ಹಳೆ ಕಾರುಗಳ ಓಟವಿದೆ. ಅದೇ ಕೊನೆಯದು. ಬೆಟ್ಟದಡಿ ಕೊರೆದ ಹೊಸ ಸುರಂಗ ತೆರೆದ ಮೇಲೆ ಆ ರಸ್ತೆಗೆ ಗೇಟು ಬೀಳುತ್ತದೆ, ಮತ್ತೆ ತೆರೆಯುವುದಿಲ್ಲ. ಅರ್ಹತಾ ಪತ್ರವಿಲ್ಲದ ಕಾರನ್ನು ಆರಂಭದ ಗೆರೆಯ ಹತ್ತಿರಕ್ಕೂ ಬಿಡುವುದಿಲ್ಲ. ಅರವತ್ನಾಲ್ಕು ವರ್ಷದ ನಮ್ಮ ಅಕ್ಕ ತನ್ನ ಕಾರನ್ನು ತಾನೇ ಓಡಿಸಿಕೊಂಡು ಆ ಬೆಟ್ಟವನ್ನು ಒಂದು ಸಲ ಹತ್ತಬೇಕು. ನಮ್ಮ ಬೇಡಿಕೆ ಇದೊಂದೇ. ಮೂವತ್ತೊಂದು ವರ್ಷ ಬಸ್ ವರ್ಕ್‌ಶಾಪಿನಲ್ಲಿ ವೆಲ್ಡರ್ ಆಗಿ, ಅದರಲ್ಲಿ ಹತ್ತೊಂಬತ್ತು ವರ್ಷ ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿ ಕೂಗಿದ ನಾನು ಇಷ್ಟು ಸಣ್ಣ ಬೇಡಿಕೆಪಟ್ಟಿಯನ್ನು ಯಾರ ಮುಂದೆಯೂ ಇಟ್ಟವಳಲ್ಲ. ಇಡಲು ನಾಚಿಕೆಯೂ ಆಗುತ್ತಿದೆ.

ಕಾರು ಯಾವುದೆಂದು ತಮಗೆ ಗೊತ್ತು, ಊರಿಗೂ ಗೊತ್ತಿರಲಿ. ಇಪ್ಪತ್ತೆಂಟು ವರ್ಷದ ಜಪಾನಿ ಕಾರು. ನೀಲಿ ಬಣ್ಣ, ಅಲ್ಲಲ್ಲಿ ಪ್ರೈಮರಿನ ಬೂದು. ಹೊರಗಿನಿಂದ ಮಕ್ಕಳನ್ನು ಶಾಲೆಗೆ ಬಿಡುವ ನಾಲ್ಕು ಬಾಗಿಲಿನ ಸಾಧು ಪ್ರಾಣಿ. ಒಳಗೆ ಟರ್ಬೊ ಇಂಜಿನ್, ನಾಲ್ಕು ಚಕ್ರಕ್ಕೂ ಎಳೆತ, ಜಲ್ಲಿ ರಸ್ತೆಯ ರ‍್ಯಾಲಿಗಳಲ್ಲಿ ಗೆಲ್ಲಲೆಂದೇ ಹುಟ್ಟಿಸಿದ ಮೈಕಟ್ಟು. ರ‍್ಯಾಲಿಗೆ ಇಳಿಸುವ ಕಾರನ್ನು ಸಾರ್ವಜನಿಕರಿಗೂ ಇಂತಿಷ್ಟು ಮಾರಲೇಬೇಕೆಂಬ ನಿಯಮ ಆಗ ಇದ್ದದ್ದರಿಂದ ನಮ್ಮಂಥವರ ಕೈಗೂ ಅದು ಸಿಕ್ಕಿತು. ನಿಯಮವೊಂದು ಜನರಿಗೆ ಸಂತೋಷ ಕೊಟ್ಟದ್ದನ್ನು ನಾನು ಕಂಡಿರುವುದು ಇದೊಂದೇ ಸಲವಾದ್ದರಿಂದ ದಾಖಲಿಸುತ್ತಿದ್ದೇನೆ.

ಕಾರು ಇರುವುದು ಅಕ್ಕನ ಹೆಸರಿನಲ್ಲಿ. ಅವಳು ಭೂಗೋಳದ ಮೇಡಂ, ನಕ್ಷೆ ಅವಳ ಬೆರಳ ತುದಿಯಲ್ಲಿತ್ತು. ಆದ್ದರಿಂದ ಇಪ್ಪತ್ತೆರಡು ವರ್ಷ ರ‍್ಯಾಲಿಗಳಲ್ಲಿ ಭಾವ ಸ್ಟಿಯರಿಂಗ್ ಹಿಡಿದ, ಅಕ್ಕ ಪಕ್ಕದ ಸೀಟಿನಲ್ಲಿ ತಿರುವಿನ ಪುಸ್ತಕ ಹಿಡಿದಳು. ಮುಂದಿನ ತಿರುವು ಎಡಕ್ಕೋ ಬಲಕ್ಕೋ, ಎಷ್ಟು ಕಡಿದು, ಅದರಾಚೆ ಏರೋ ಇಳಿಜಾರೋ ಎಂದು ಅವಳು ಓದಬೇಕು, ಕಣ್ಣಿಗೆ ಕಾಣದ ರಸ್ತೆಗೆ ಅವನು ನುಗ್ಗಬೇಕು. ಗೆದ್ದ ಕಪ್ಪುಗಳ ಮೇಲೆ ಭಾವನ ಹೆಸರು ದಪ್ಪಕ್ಷರದಲ್ಲಿದೆ. ಅಕ್ಕನದು ಕೆಳಗೆ, ‘ಮತ್ತು ಜೊತೆಗಾರ್ತಿ’ ಎಂದು. ಪ್ರತಿ ವರ್ಷ ಬೆಟ್ಟದ ಓಟ ಮುಗಿದ ಮೇಲೆ ಭಾವ ಮುಂದಿನ ವರ್ಷ ನೀನೇ ಓಡಿಸು ಎನ್ನುತ್ತಿದ್ದ. ಇಪ್ಪತ್ತೆರಡು ಮುಂದಿನ ವರ್ಷಗಳು ಬಂದು ಹೋದವು. ಆಶ್ವಾಸನೆ ಕೊಡುವ ಕಲೆಯಲ್ಲಿ ತಾವೊಬ್ಬರೇ ನಿಪುಣರಲ್ಲ ಎಂದು ತಿಳಿಸಲು ಇದನ್ನು ಹೇಳಬೇಕಾಯಿತು.

ಈ ವರ್ಷ ಭಾವನ ಮಂಡಿ ಕೈಕೊಟ್ಟಿತು. ಆ ಕಾರಿನ ಕ್ಲಚ್ ತುಳಿಯುವುದೆಂದರೆ ಗೋಡೆ ತಳ್ಳಿದ ಹಾಗೆ. ನನ್ನಿಂದ ಇನ್ನಾಗದು, ಮಾರಿಬಿಡೋಣ ಎಂದು ಅವನು ಊಟಕ್ಕೆ ಕೂತಾಗ ಹೇಳಿದ. ಅಕ್ಕ ತಟ್ಟೆಯಿಂದ ತಲೆಯೆತ್ತದೆ, “ನಿಮ್ಮಿಂದ ಆಗಲ್ಲ ಅಂದ್ರೆ ನನ್ನಿಂದ್ಲೂ ಆಗಲ್ಲ ಅಂತ ಯಾರ್ರೀ ಹೇಳಿದ್ದು?” ಎಂದಳು. ಅಲ್ಲಿಗೆ ಮಾತು ಮುಗಿಯಿತು. ಭಾವನಿಗೆ ತಿರುವಿನ ಪುಸ್ತಕ ಸಿಕ್ಕಿತು.

ಆ ಕ್ಷಣದಿಂದ ಕಾರು ನನ್ನ ಕೈಗೆ ಬಂತು. ಅಕ್ಕನ ಎತ್ತರಕ್ಕೆ ಸೀಟು ಕೂರಿಸಿದೆ, ಅವಳ ಕಾಲಿಗೆ ತಕ್ಕಂತೆ ಪೆಡಲು ಬಾಗಿಸಿದೆ, ಕ್ಲಚ್ಚನ್ನು ಹಗುರ ಮಾಡಿದೆ. ಹೊಸ ಬ್ರೇಕು, ಹೊಸ ಸ್ಪ್ರಿಂಗು. ಕಾರು ಮಗುಚಿದರೆ ಇಬ್ಬರೂ ಒಳಗೆ ಗಟ್ಟಿಯಾಗಿ ಉಳಿಯಲೆಂದು ಉಕ್ಕಿನ ಕೊಳವೆಗಳ ಪಂಜರವನ್ನು ನಾನೇ ವೆಲ್ಡ್ ಮಾಡಿದೆ. ಸೈಲೆನ್ಸರನ್ನೂ ನಾನೇ ಮಾಡಿದೆ. ಅದರ ಸದ್ದಿಗೆ ಎದುರು ಮನೆಯ ಹೊಲಿಗೆಯವನ ಗಾಜಿನ ಬೀರು ತಾನಾಗಿ ಬಾಗಿಲು ತೆರೆಯುತ್ತದೆ. ಇಂಥ ಕಾರು ಇಟ್ಟುಕೊಂಡವರೆಲ್ಲ ಇದನ್ನೇ ಮಾಡುತ್ತಾರೆ, ಆಮೇಲೆ ಪರಿಶೀಲನೆಯ ಹಿಂದಿನ ದಿನ ಎಲ್ಲವನ್ನೂ ಬಿಚ್ಚಿ, ಹಳೆಯದನ್ನು ಹಾಕಿ, ಏನೂ ಅರಿಯದವರ ಮುಖ ಹೊತ್ತು ತಮ್ಮ ಮುಂದೆ ನಿಲ್ಲುತ್ತಾರೆ.

ನಾನು ಹಾಗೆ ಮಾಡಲಿಲ್ಲ. ಅಧಿಕಾರಿಯ ಮುಂದೆ ಹೋಗುವಾಗ ಎಲ್ಲವನ್ನೂ ಬರೆದುಕೊಡು, ಎರಡು ಪ್ರತಿ ಮಾಡು, ಒಂದರ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೋ ಎಂದು ಚಳವಳಿ ನನಗೆ ಕಲಿಸಿದೆ. ಅಕ್ಕ ಮೊದಲೇ ತಡೆದಳು: “ಬೇಡ ಕಣೇ, ಕೇಳಿದ್ದಕ್ಕೆ ಮಾತ್ರ ಬಾಯಿ ಬಿಡು.” ನಾನು ಕೇಳಲಿಲ್ಲ. ಕಾರಿಗೆ ಮಾಡಿದ ಮೂವತ್ತೇಳು ಬದಲಾವಣೆಗಳನ್ನು ಕ್ರಮಸಂಖ್ಯೆ ಹಾಕಿ, ಪ್ರತಿಯೊಂದಕ್ಕೂ ಚಿತ್ರ ಅಂಟಿಸಿ, ಹನ್ನೊಂದು ಪುಟದ ಘೋಷಣಾ ಪತ್ರ ಮಾಡಿ ತಮ್ಮ ಕೈಗಿತ್ತೆ. ತಮ್ಮ ಕಚೇರಿಯ ಇತಿಹಾಸದಲ್ಲಿ ಇಂಥದ್ದನ್ನು ಯಾರೂ ಕೊಟ್ಟಿರಲಿಲ್ಲ ಎಂದು ತಮ್ಮ ಗುಮಾಸ್ತರು ಹೇಳಿದಾಗ ಹೆಮ್ಮೆಯಿಂದ ನನ್ನ ಎದೆ ಉಬ್ಬಿತು. ನನ್ನ ತಪ್ಪು ಅಷ್ಟೇ, ಮತ್ತು ಅದು ನನ್ನಂಥವಳು ಮಾತ್ರ ಮಾಡಬಹುದಾದ ತಪ್ಪು.

ಮುಂದೆ ನಡೆದದ್ದನ್ನು ತಮ್ಮ ಮೇಧಾಶಕ್ತಿಗೆ ನಮಿಸಿಯೇ ಹೇಳಬೇಕು. ತಾವು ಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು ಕಾರನ್ನು ಸುತ್ತಿದಿರಿ. ಪಂಜರ ಪಟ್ಟಿಯಲ್ಲಿದೆಯೇ, ಇದೆ, ಸರಿ. ಸೈಲೆನ್ಸರ್ ಪಟ್ಟಿಯಲ್ಲಿದೆಯೇ, ಇದೆ, ಸರಿ. ಅದು ಗುಡುಗಿದಾಗ ತಮ್ಮ ಕಿಟಕಿಯಿಂದ ಎರಡು ಪಾರಿವಾಳಗಳು ಹಾರಿಹೋದವು, ತಾವು ಮಾತ್ರ ಕದಲಲಿಲ್ಲ, ಟಿಕ್ ಹಾಕಿದಿರಿ. ಮೂವತ್ತೇಳಕ್ಕೆ ಮೂವತ್ತೇಳೂ ಪಾಸು. ಆಮೇಲೆ ಬಾನೆಟ್ ಮೇಲಿನ ತೂತಿಗೆ ಬಂದಿರಿ. ಪಟ್ಟಿಯಲ್ಲಿ ಹುಡುಕಿದಿರಿ, ಇರಲಿಲ್ಲ. ಇರುವುದಾದರೂ ಹೇಗೆ? ಅದನ್ನು ನಾವು ಕೊರೆದಿಲ್ಲ, ಕಾರು ತಾಯಿ ಹೊಟ್ಟೆಯಿಂದ ಬರುವಾಗಲೇ ತಂದದ್ದು. ಟರ್ಬೊ ಹಿಂಡಿದ ಗಾಳಿ ಕಾದು ಕೆಂಡವಾಗುತ್ತದೆ. ಅದನ್ನು ತಣಿಸುವ ಅಲ್ಯೂಮಿನಿಯಂ ಪೆಟ್ಟಿಗೆ ಇಂಜಿನ್ನಿನ ನೆತ್ತಿಯ ಮೇಲೆ ಕೂತಿದೆ. ಹೊರಗಿನ ಗಾಳಿ ಆ ಪೆಟ್ಟಿಗೆಯ ಮೇಲೆ ಬೀಳಲೆಂದು ಕಾರ್ಖಾನೆಯವರೇ ಅಲ್ಲೊಂದು ಬಾಯಿ ತೆರೆದಿದ್ದಾರೆ. ಅದೇ ಪೆಟ್ಟಿಗೆಗೆ ನೀರು ಚಿಮುಕಿಸಲು ಒತ್ತುವ ಗುಂಡಿಯನ್ನೂ, ಪಕ್ಕದ ಸೀಟಿನವರು ಪುಸ್ತಕ ಓದಲು ಕತ್ತು ಬಾಗಿಸಿದ ಪುಟ್ಟ ದೀಪವನ್ನೂ ಅವರೇ ಇಟ್ಟಿದ್ದಾರೆ. ಈ ಮೂರೂ ಪಟ್ಟಿಯಲ್ಲಿಲ್ಲ, ಪಟ್ಟಿಯಲ್ಲಿಲ್ಲದ್ದು ಅನಧಿಕೃತ, ಆದ್ದರಿಂದ ಕಾರು ನಪಾಸು ಎಂದು ತಾವು ಬರೆದಿರಿ. ನಾವು ಮಾಡಿದ್ದೆಲ್ಲ ಒಪ್ಪಿತ, ಕಾರ್ಖಾನೆ ಮಾಡಿದ್ದೆಲ್ಲ ಅಪರಾಧ. ಇಷ್ಟು ಪ್ರಾಮಾಣಿಕ ಪರಿಶೀಲನೆಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಕೈಪಿಡಿ ತಂದೆವು. ಅದು ಜಪಾನಿ ಭಾಷೆಯಲ್ಲಿತ್ತು. ಅನುವಾದ ಬೇಕೆಂದಿರಿ. ಆ ಭಾಷೆ ಕಲಿಸುವ ಮೇಷ್ಟ್ರೊಬ್ಬರನ್ನು ಹುಡುಕಿ ಅನುವಾದ ಮಾಡಿಸಿ ತಂದರೆ, ಮೇಷ್ಟ್ರಿಗೆ ಇಂಜಿನ್ ಗೊತ್ತಿಲ್ಲ, ಅವರ ಮಾತು ನಡೆಯುವುದಿಲ್ಲ ಎಂದಿರಿ. ಇಂಜಿನ್ ಗೊತ್ತಿರುವ ಪಾಲಿಟೆಕ್ನಿಕ್ಕಿನ ಪ್ರಾಂಶುಪಾಲರನ್ನು ಕರೆತಂದರೆ, ಅವರಿಗೆ ಜಪಾನಿ ಬರುವುದಿಲ್ಲ ಎಂದಿರಿ. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿದಾಗ, ಸಹಿ ಹಾಕಲು ಜಾಗ ಇರುವುದು ಒಂದೇ ಎಂದು ನಮೂನೆ ತೋರಿಸಿದಿರಿ. ಆ ನಮೂನೆಯನ್ನು ರೂಪಿಸಿದವರಿಗೆ ಪ್ರತಿಮೆ ನಿಲ್ಲಿಸಬೇಕು. ಕಲ್ಲು ಹೊರಲು ನಾನು ತಯಾರಿದ್ದೇನೆ.

ಸೋತು ತೂತು ಮುಚ್ಚಿದೆ. ತಗಡು ಹೊಂದಿಸಿ, ತಿರುಪು ಬಿಗಿದು, ಬಣ್ಣ ಬಳಿದೆ. ಗುಂಡಿ ಕಿತ್ತೆ, ದೀಪ ಬಿಚ್ಚಿದೆ. ಬೆಟ್ಟ ಹತ್ತಲು ಹುಟ್ಟಿದ ಕಾರು ಅಂದು ತಮ್ಮ ಕಚೇರಿಯ ದಿಣ್ಣೆ ಹತ್ತಲು ಏದುಸಿರು ಬಿಟ್ಟಿತು. ತರಕಾರಿಯ ಸೈಕಲ್ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ, ದಾರಿ ಬೇಕಾ ಮೇಡಂ ಎಂದು ಕೇಳಿತು, ಅಂದರೆ ಗಾಡಿಯವ ಕೇಳಿದ. ಅಕ್ಕ ಕಿಟಕಿ ಏರಿಸಿದಳು. ತಾವು ತಗಡನ್ನು ತಟ್ಟಿ ನೋಡಿ ಬಹಳ ಸಂತೋಷಪಟ್ಟಿರಿ. ಆಮೇಲೆ ಹಳೆ ವಾಹನಗಳ ದೊಡ್ಡ ಪುಸ್ತಕ ತೆರೆದಿರಿ. ಹಳೆ ವಾಹನವೆಂದು ಪತ್ರ ಬೇಕಿದ್ದರೆ ಕಾರು ಮೂಲ ರೂಪದಲ್ಲಿರಬೇಕು; ಪುಸ್ತಕದ ಚಿತ್ರದಲ್ಲಿ ಬಾನೆಟ್ ಮೇಲೆ ತೂತಿದೆ, ಈ ಕಾರಿನಲ್ಲಿ ಇಲ್ಲ; ಆದ್ದರಿಂದ ಮತ್ತೆ ನಪಾಸು. ತೂತು ಇದ್ದದ್ದಕ್ಕೆ ಒಂದು ಸಲ, ಇಲ್ಲದ್ದಕ್ಕೆ ಒಂದು ಸಲ. ಎರಡೂ ಕಾಗದಗಳ ಕೆಳಗೆ ಒಂದೇ ಸಹಿ, ಒಂದೇ ಶಾಯಿ, ಒಂದೇ ನಿರಾಳ ಮುಖ. ಆ ನೆಮ್ಮದಿ ತಮಗೆ ಎಲ್ಲಿಂದ ಬರುತ್ತದೆಂದು ತಿಳಿದರೆ ನಾವೂ ಸ್ವಲ್ಪ ತರಿಸಿಕೊಳ್ಳುತ್ತಿದ್ದೆವು.

ಮೂರನೆಯ ಸಲ ತಗಡು ಕಿತ್ತು ತಂದಾಗ ತಾವು ತೂತಿನ ಆಳ ಅಳೆಯಲು ಕೈಯನ್ನೇ ಒಳಗೆ ತೂರಿಸಿದಿರಿ. ಬಿಸಿಯಿದೆ, ಬೇಡ ಎಂದು ನಾನು ಎರಡು ಸಲ ಹೇಳಿದ್ದು ತಮ್ಮ ಗುಮಾಸ್ತರಿಗೂ ಕೇಳಿಸಿದೆ. ನಾಲ್ಕು ಬೆರಳು ಸುಟ್ಟುಕೊಂಡ ನೋವಿನಲ್ಲೂ ಐದನೆಯ ಬೆರಳಿನಿಂದ ಪೆನ್ನು ಹಿಡಿದು ‘ಸಾರ್ವಜನಿಕರ ಕೈಗೆ ಅಪಾಯ’ ಎಂದು ತಾವು ಬರೆದದ್ದು ಕರ್ತವ್ಯನಿಷ್ಠೆಯ ಪರಮಾವಧಿ. ಬೆರಳುಗಳು ಬೇಗ ವಾಸಿಯಾಗಲಿ. ಸಹಿಗೆ ಅವು ಬೇಕು.

ಅಂದೇ ತಾವು ಸುತ್ತ ಕಣ್ಣಾಡಿಸಿ, ಓಡಿಸುವ ಯಜಮಾನರು ಎಲ್ಲಿ, ಅವರ ಹತ್ತಿರವೇ ಮಾತಾಡುತ್ತೇನೆ ಎಂದಿರಿ. ಕಾರಿನ ಕಾಗದದಲ್ಲಿ ಅಕ್ಕನ ಹೆಸರಿತ್ತು, ಸ್ಟಿಯರಿಂಗಿನ ಹಿಂದೆ ಅಕ್ಕ ಇದ್ದಳು, ಕೀಲಿ ಅವಳ ಬೆರಳಿನಲ್ಲಿತ್ತು. ಅವಳು ಕಿಟಕಿ ಇಳಿಸಿ ಹೇಳಿದಳು: “ಓಡಿಸೋದು ನಾನೇ ಸಾರ್. ಯಜಮಾನ್ರು ಪುಸ್ತಕ ಓದ್ತಾರೆ.” ಭಾವ ಪಕ್ಕದ ಸೀಟಿನಿಂದ ಕನ್ನಡಕ ಸರಿಮಾಡಿಕೊಂಡು ತಮಗೆ ಪುಸ್ತಕ ಎತ್ತಿ ತೋರಿಸಿದ. ತಾವು ಅವನ ಕಡೆ ನೋಡಿ, ಮೇಲಧಿಕಾರಿಗಳಿಗೆ ಕಡತ ಕಳಿಸುತ್ತೇನೆ, ಮುಂದಿನ ವಾರ ಬನ್ನಿ ಎಂದಿರಿ. ಉತ್ತರ ಕೊಟ್ಟವಳು ಒಬ್ಬಳು, ತಾವು ಮಾತಾಡಿದ್ದು ಇನ್ನೊಬ್ಬನ ಜೊತೆ. ಬೆಟ್ಟದ ನಲವತ್ತಾರು ತಿರುವುಗಳೂ ಬಾಯಿಪಾಠ ಇರುವವಳನ್ನು ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಕೂರಿಸಿದ್ದು ಮನೆ. ಸ್ಟಿಯರಿಂಗಿಗೆ ಬಂದ ಮೇಲೂ ಅವಳನ್ನು ಕಾಣದಿರುವುದು ತಮ್ಮ ಕಚೇರಿ. ಇದನ್ನು ನಗುತ್ತ ಬರೆಯಲು ನನಗೆ ಬರುವುದಿಲ್ಲ, ಕ್ಷಮಿಸಿ.

ಪತ್ರ ಬರುವವರೆಗೆ ತಮ್ಮ ಕಚೇರಿಗೆ ಬರಲಲ್ಲದೆ ಕಾರು ರಸ್ತೆಗೆ ಇಳಿಯುವಂತಿಲ್ಲ, ಆದ್ದರಿಂದ ಅವರಿಬ್ಬರ ಅಭ್ಯಾಸ ನಿಂತ ಕಾರಿನಲ್ಲೇ ನಡೆದಿದೆ. ಸಂಜೆ ನಾಲ್ಕಕ್ಕೆ ಮನೆಯ ಮುಂದೆ ಇಬ್ಬರೂ ಬೆಲ್ಟು ಬಿಗಿದು ಕೂರುತ್ತಾರೆ. ಭಾವ ಓದುತ್ತಾನೆ, ಅಕ್ಕ ಗೇರು ಬದಲಿಸುತ್ತಾಳೆ, ತಿರುವಿನಲ್ಲಿ ಇಬ್ಬರೂ ವಾಲುತ್ತಾರೆ, ಕಾರು ಇದ್ದಲ್ಲೇ ಇರುತ್ತದೆ. ಭಾವ ಎಡ ಎನ್ನುವಷ್ಟರಲ್ಲಿ ಅಕ್ಕ ಎಡ ಮುಗಿಸಿ ಬಲಕ್ಕೆ ಹೋಗಿರುತ್ತಾಳೆ. ಮೊನ್ನೆ ಅವನು ಎರಡು ಪುಟ ಒಟ್ಟಿಗೆ ಮಗುಚಿದ್ದರಿಂದ ಅವರಿಬ್ಬರೂ ನಿಂತಲ್ಲೇ ಕಮರಿಗೆ ಬಿದ್ದರು. ಇಪ್ಪತ್ತೆರಡು ವರ್ಷ ನೀನು ಇದನ್ನು ಹೇಗೆ ಓದಿದೆಯೇ ಎಂದು ಅವನು ಬೆವರು ಒರೆಸಿಕೊಂಡು ಕೇಳಿದನಂತೆ. ಮೊದಲಿಂದ ಓದಿ ಎಂದಳಂತೆ ಅಕ್ಕ.

ಆದ್ದರಿಂದ ವಿನಂತಿಗಳು. ಬಾನೆಟ್ ಒಳಗೆ ಅನುಮತಿಯಿಲ್ಲದೆ ನುಗ್ಗುತ್ತಿರುವ ಗಾಳಿಗೆ ನೋಟಿಸು ಕೊಡಿ, ಏಳು ದಿನದಲ್ಲಿ ಖುದ್ದಾಗಿ ಹಾಜರಾಗಲಿ. ಇಪ್ಪತ್ತೆಂಟು ವರ್ಷದ ಹಿಂದೆ ಆ ಕಾರನ್ನು ರೂಪಿಸಿದವರನ್ನು ಕರೆಸಿ, ಮುಂದೊಂದು ದಿನ ಒಬ್ಬ ವೆಲ್ಡರ್ ಬರೆಯಲಿದ್ದ ಪಟ್ಟಿಯನ್ನು ಓದದೆ ತೂತು ಇಟ್ಟದ್ದೇಕೆ ಎಂದು ವಿಚಾರಿಸಿ. ಬೆಟ್ಟಕ್ಕೇ ದೊಡ್ಡ ತೂತು ಕೊರೆದು ಸುರಂಗ ಎಂದು ಹೆಸರಿಟ್ಟವರು ಯಾವ ಪಟ್ಟಿಯಲ್ಲಿ ನಮೂದಿಸಿದ್ದರೆಂದು ಅವರನ್ನೂ ಕೇಳಿ. ಇವು ಯಾವುವೂ ಆಗದಿದ್ದರೆ, ಇವುಗಳಿಗಿಂತ ಬಹಳ ಕಷ್ಟದ್ದೊಂದು ಉಳಿದಿದೆ: ಒಂದು ಸಹಿ ಹಾಕಿ, ಅದನ್ನು ನಮ್ಮ ಅಕ್ಕನ ಕೈಗೆ, ಅವಳ ಮುಖ ನೋಡಿ ಕೊಡಿ.

ಹಳೆ ಕಾರಿನವರ ಸಂಘವೆಂಬುದು ಈ ಊರಿನಲ್ಲಿ ಇರಲಿಲ್ಲ. ತಮ್ಮ ಕೃಪೆಯಿಂದ ಕಳೆದ ಭಾನುವಾರ ಹುಟ್ಟಿತು. ಇಷ್ಟು ದಿನ ಪರಿಶೀಲನೆಯ ಹಿಂದಿನ ದಿನ ಎಲ್ಲ ಬಿಚ್ಚಿಡುತ್ತಿದ್ದ ಹದಿನಾಲ್ಕು ಮಂದಿ ಈಗ ಒಂದೊಂದು ಘೋಷಣಾ ಪತ್ರ ಬರೆದಿದ್ದಾರೆ. ಒಬ್ಬ ದರ್ಜಿ, ಇಬ್ಬರು ನರ್ಸುಗಳು, ಒಬ್ಬ ಹಲ್ಲಿನ ಡಾಕ್ಟರು, ಉಳಿದವರು ಮೆಕ್ಯಾನಿಕ್ಕುಗಳು. ಡಾಕ್ಟರದ್ದು ಮಾತ್ರ ಐವತ್ತೆರಡು ಪುಟ, ಚಿತ್ರಗಳ ಸಮೇತ. ಹದಿನಾಲ್ಕೂ ಕಾರುಗಳು ಬಾನೆಟ್ ತೆರೆದು ತಮ್ಮ ಅಂಗಳದಲ್ಲಿ ಸಾಲಾಗಿ ನಿಲ್ಲುತ್ತವೆ, ತಾವು ಒಂದೊಂದೇ ಟಿಕ್ ಹಾಕುತ್ತ ಬರಬಹುದು. ಆ ಹದಿನಾಲ್ಕರ ಮುಂದೆ ನಮ್ಮ ನೀಲಿ ಕಾರು ಇರುತ್ತದೆ, ಅದರ ಸ್ಟಿಯರಿಂಗ್ ಹಿಂದೆ ಅಕ್ಕ ಇರುತ್ತಾಳೆ, ಈ ಸಲ ಯಾರೂ ಅವಳ ಬದಲು ಕಾಣಿಸಬಾರದೆಂದು ಭಾವ ಬಸ್ಸಿನಲ್ಲಿ ಬರುತ್ತಾನೆ.

ತಮ್ಮ ವಿಶ್ವಾಸಿ
(ವಿಶ್ವಾಸ ಇನ್ನು ಮೂರು ದಿನಕ್ಕಾಗುವಷ್ಟು ಉಳಿದಿದೆ),
ಕಾರಿನ ಒಡತಿಯ ತಂಗಿ

ಮರೆತಿದ್ದ ಮಾತು: ತಮ್ಮ ಕಚೇರಿ ಕಟ್ಟಡದ ಮಂಜೂರಾದ ನಕ್ಷೆಯ ಪ್ರತಿಯನ್ನು ಅರ್ಜಿ ಹಾಕಿ ಪಡೆದಿದ್ದೇವೆ. ಅದರಲ್ಲಿ ಪಡಸಾಲೆ ಇದೆ, ಸಾರ್ವಜನಿಕರು ಕೂರಲು ನಾಲ್ಕು ಬೆಂಚಿನ ಜಾಗವಿದೆ, ತಾವು ಕೂರುವ ಗಾಜಿನ ಕೋಣೆ ಮಾತ್ರ ಇಲ್ಲ. ನಕ್ಷೆಯಲ್ಲಿಲ್ಲದ್ದರ ಬಗ್ಗೆ ತಮ್ಮ ನಿಲುವು ಏನೆಂದು ನಮಗೆ ಬರಹದಲ್ಲೇ ಸಿಕ್ಕಿದೆ. ಕತ್ತರಿಸುವ ಸಲಕರಣೆ ನನ್ನ ಹತ್ತಿರವಿದೆ, ಬರುವಾಗ ತರುತ್ತೇನೆ. ಕೋಣೆ ಬಿಚ್ಚಿದ ಮೇಲೆ ಹೊಸದಾಗಿ ಕಟ್ಟಲು ತಾವು ಅರ್ಜಿ ಹಾಕಬಹುದು, ಒಂದೇ ಸಹಿ ಸಾಕು. ಅದಕ್ಕಿಂತ ಮೊದಲು ಅಕ್ಕನ ಪತ್ರ ಕೊಟ್ಟರೆ ಸಲಕರಣೆಯನ್ನು ಹಾಗೆಯೇ ವಾಪಸು ಹೊತ್ತುಕೊಂಡು ಹೋಗುತ್ತೇನೆ. ಶುಕ್ರವಾರ, ಬೆಳಗ್ಗೆ ಹತ್ತೂವರೆಗೆ, ತಮ್ಮ ಅಂಗಳದಲ್ಲಿ.