ಒಂದೇ ಕೀ, ಒಬ್ಬರೇ ಮಾವ

ಮೈಗಳ್ಳನಷ್ಟು ಮೈಮುರಿದು ದುಡಿಯುವವನು ಈ ಲೋಕದಲ್ಲಿ ಇನ್ನೊಬ್ಬನಿಲ್ಲ. ನನ್ನನ್ನೇ ನೋಡಿ. ಕಂಪ್ಯೂಟರಿನಲ್ಲಿ ನಾಲ್ಕು ಅಕ್ಷರ ಹೆಚ್ಚು ಹೊಡೆಯಲು ಬೇಸರವೆಂದು, ಬರೆಯುವ ಎಡಿಟರಿನ ಕೀಗಳಿಗೆಲ್ಲ ನನ್ನದೇ ಸ್ಕ್ರಿಪ್ಟು, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ, ಬರೆದು ಹೊಸ ಹೊಸ ಕೆಲಸ ಹಚ್ಚುತ್ತ ಕೂರುತ್ತೇನೆ. ಒಂದು ಕೀ ಒತ್ತಿದರೆ ಇಡೀ ವಿಳಾಸ, ಇನ್ನೊಂದು ಒತ್ತಿದರೆ ‘ತಮ್ಮ ವಿಶ್ವಾಸಿ’. ಹೀಗೆ ಉಳಿದ ಸಮಯವನ್ನೆಲ್ಲ ಮತ್ತೊಂದು ಕೀ ತಿದ್ದುವುದಕ್ಕೆ ಬಳಸುತ್ತೇನೆ. ಬೈಲಹೊಂಗಲದ ನಮ್ಮ ಮನೆಯಲ್ಲಿ ಆ ಕಂಪ್ಯೂಟರನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಹೆಂಡತಿ ಒಮ್ಮೆ ಕಿರಾಣಿ ಯಾದಿ ಬರೆಯಲು ಕೂತು, ತೊಗರಿಬೇಳೆಯ ಕೆಳಗೆ ನನ್ನ ಹೆಸರು ಹುದ್ದೆ ಸಮೇತ ಮೂಡಿದ್ದನ್ನು ಕಂಡು ಎದ್ದುಹೋದಳು.

ಇಂಥ ನನಗೆ ಸಂಪಗಾಂವದ ಮಾವನವರು ತಮ್ಮ ಮಗನ ಮದುವೆಯ ಕಾರ್ಡು ಬರೆಯುವ ಕೆಲಸ ವಹಿಸಿದರು. ಅಳಿಯನಾಗಿ ಹೆಸರು ಗಳಿಸಲು ನನಗೆ ಸಿಕ್ಕ ಮೊದಲ ಅವಕಾಶ. ನಮ್ಮ ಕಡೆ ಕಾರ್ಡಿನಲ್ಲಿ ಹಿರಿಯರದ್ದೇ ಒಂದು ದಂಡು. ಲಿಂಗೈಕ್ಯರಾದವರ ಹೆಸರಿಗೆ ‘ಲಿಂ.’ ಹಚ್ಚಲೇಬೇಕು. ಮಾವನವರ ತಂದೆ ಶಿವಪ್ಪನವರು ತೀರಿಕೊಂಡು ಬಹಳ ಕಾಲವಾಗಿತ್ತು, ಅವರ ಹೆಸರು ಕಾರ್ಡಿನಲ್ಲಿ ಅಲ್ಲಲ್ಲಿ ಬರುತ್ತಿತ್ತು. ಒಂದೊಂದಾಗಿ ಕೈಯಿಂದ ಹಾಕುವುದೆಂದರೆ ನನ್ನಂಥವನಿಗೆ ಅವಮಾನ. ಒಂದು ಕೀಗೆ ಹೇಳಿಟ್ಟೆ: ‘ಶಿವಪ್ಪ’ ಇರುವ ಪ್ರತಿ ಸಾಲಿನ ಮೊದಲಿಗೆ ‘ಲಿಂ.’ ಹಾಕು. ಒತ್ತಿದೆ, ಆಯಿತು. ಓದಿಯೂ ನೋಡದೆ ಪ್ರೆಸ್ಸಿಗೆ ಕಳಿಸಿದೆ. ನಮ್ಮಲ್ಲಿ ಮಗನ ಹೆಸರಿನ ಬೆನ್ನಿಗೆ ಅಪ್ಪನ ಹೆಸರು ಇರುತ್ತದೆಂಬುದು ಪಾಪ, ಕೀಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಹೊಳೆಯಲಿಲ್ಲ.

ಅಚ್ಚಾದ ಕಟ್ಟು ಬಿಚ್ಚಿ ಮಾವನವರು ಓದಿದರು. ‘ಆಮಂತ್ರಿಸುವವರು’ ಎಂಬುದರ ಕೆಳಗಿನ ಸಾಲಿನಲ್ಲಿ ತಮ್ಮದೇ ಹೆಸರು: ‘ಲಿಂ. ಬಸಪ್ಪ ಶಿವಪ್ಪ’. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

“ಅಳಿಯಾರ,” ಎಂದರು ಮೆಲ್ಲಗೆ, “ನಾ ಹೋಗಿದ್ದು ಯಾವಾಗ್ರಿ?”

ನಾನು ಕಾರ್ಡನ್ನು ಕೈಗೆ ತೆಗೆದುಕೊಂಡು ನೋಡಿದೆ. “ಅದು ಕೀ ತಪ್ಪರಿ, ಮಾವಾರ.”

“ಒತ್ತಿದವ್ರು ಯಾರ್ರಿ?” ಎಂದಳು ಹೆಂಡತಿ.

ಮತ್ತೆ ಅಚ್ಚು ಹಾಕಿಸಲು ಹೊತ್ತಿರಲಿಲ್ಲ. “ಗಾಡಿ ತಗೀರಿ. ಕಾರ್ಡ ನಾ ಕೊಡ್ತೇನಿ. ನಾ ಇನ್ನೂ ಅದೇನಿ ಅಂತ ಮನಿ ಮನಿಗೆ ನೀವು ಹೇಳ್ರಿ” ಎಂದು ಮಾವನವರು ತೀರ್ಪು ಕೊಟ್ಟರು. ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಚಚಡಿಯ ಮನೆಗಳನ್ನು ಮುಗಿಸಿ ಮನೋಳಿಗೆ ಹೋದೆ. ಅವರು ಕಾರ್ಡು ಕೊಡುವುದು, ನಾನು ತಲೆ ತಗ್ಗಿಸಿ “ಇವರು ಅದಾರ್ರಿ” ಎನ್ನುವುದು. ನಾಚಿಕೆಯಿಂದ ಸತ್ತೇಹೋಗಿದ್ದೆ. ಮನೋಳಿಯಲ್ಲಿ ಮಾವನವರ ಸೋದರತ್ತೆ ಕಾರ್ಡು ಓದಿಸಿಕೊಂಡು ಕೇಳಿದಳು, “ಯಾರು ಬರದಾರಪಾ ಇದನ್ನ?”

“ಅಳಿಯಾ,” ಎಂದರು ಮಾವನವರು.

“ಹಂಗಾರ ತಪ್ಪಲ್ಲ ಬಿಡೋ ಬಸಪ್ಪಾ,” ಎಂದಳು ಮುದುಕಿ, “ಅಂವ ಮನಸಿನ್ಯಾಗ ಇದ್ದದ್ದನ್ನ ಬರದಾನ.”

ಮದುವೆ ಚೆನ್ನಾಗಿಯೇ ಆಯಿತು. ಮಾವನವರು ಈಗಲೂ ನಮ್ಮ ಮನೆಗೆ ಬರುತ್ತಾರೆ, ನಗುನಗುತ್ತ ಮಾತಾಡುತ್ತಾರೆ. ಚಹಾ ಕೊಟ್ಟರೆ ಮಾತ್ರ ಬಟ್ಟಲನ್ನು ನನ್ನ ಕಡೆ ಸರಿಸಿ, “ಮೊದಲ ನೀವು ಕುಡೀರಿ, ಅಳಿಯಾರ” ಎನ್ನುತ್ತಾರೆ.