ನೀಲಿ ಹೊಗೆಯ ಸೋಮವಾರ

ಸೇಡಂನಲ್ಲಿ ನಮ್ಮ ಮನೆಯ ಸೋಮವಾರಗಳೆಲ್ಲ ಒಂದೇ ಅಚ್ಚಿನವು. ನಾನು ಎದ್ದು ಅಂಗಳ ತೊಳೆದು, ಒಲೆಯ ಮೇಲೆ ಹಾಲಿಡುವಷ್ಟರಲ್ಲಿ ನಮ್ಮವರ ಸ್ನಾನ, ಲಿಂಗಪೂಜೆ ಮುಗಿದಿರುತ್ತದೆ. ಹಣೆಯ ವಿಭೂತಿ ಆರುವ ಮೊದಲೇ ಅವರು ಅಂಗಳಕ್ಕೆ ಬಂದು ಕಾರಿನ ಬಾನೆಟ್ ಎತ್ತುತ್ತಾರೆ. ಎಂಜಿನ್ನಿನ ಎಣ್ಣೆ ಅಳೆಯುವ ಉದ್ದನೆಯ ಕಡ್ಡಿಯನ್ನು ಹೊರಗೆಳೆದು, ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಪೂಜೆಗಿಂತ ಇದರಲ್ಲೇ ನಿಮಗೆ ಏಕಾಗ್ರತೆ ಜಾಸ್ತಿ ಎಂದು ಒಮ್ಮೆ ಮೆಲ್ಲಗೆ ಅಂದು, ಎರಡು ದಿನ ಅವರ ಮೌನವ್ರತವನ್ನು ಅನುಭವಿಸಿದ್ದೇನೆ.

ಈ ಸೋಮವಾರವೂ ಕಡ್ಡಿ ನೋಡಿ, "ಮತ್ತ ಕಡಿಮಿ ಆಗ್ಯದ ನೋಡು. ಎಣ್ಣಿ ಕುಡೀಲಾಕತ್ತದ ಇದು," ಎನ್ನುತ್ತ ಅರ್ಧ ಡಬ್ಬಿ ಸುರಿದರು. ಚಾವಿ ತಿರುಗಿಸಿದ್ದೇ ತಡ, ಹಿಂದಿನ ಕೊಳವೆಯಿಂದ ಭುಸ್ಸನೆ ನೀಲಿ ಹೊಗೆ.

ಮೂರು ತಿಂಗಳಿಂದ ಇದೇ ಕಥೆ. ಚಳಿಗಾಲದ ಬೆಳಗ್ಗೆ ಕಾರಿನ ಹಿಂದೆ ಬರುವ ಬಿಳಿ ಆವಿ ನನಗೆ ಗೊತ್ತು. ಬಂದಷ್ಟೇ ಬೇಗ ಕರಗುತ್ತದೆ. ಇದು ಕರಗುವ ಪೈಕಿ ಅಲ್ಲ. ತಂತಿಯ ಮೇಲಿನ ಬಟ್ಟೆಗಳ ನಡುವೆ ಸುಳಿದು ನನ್ನ ಬಿಳಿ ಟವೆಲಿಗೆ ವಾಸನೆ ಹಚ್ಚಿ ಹೋಗುತ್ತದೆ. ಬಜ್ಜಿ ಕರಿದು ಒಲೆ ಆರಿಸಲು ಮರೆತ ಬಾಣಲೆಯದೇ ಬಣ್ಣ, ಅದೇ ಘಾಟು. ಎಣ್ಣೆ ಸುಡುತ್ತಿದೆ ಎನ್ನಲು ಯಾವ ಮಿಸ್ತ್ರಿಯೂ ಬೇಕಿರಲಿಲ್ಲ. ಯಾಕೆ ಸುಡುತ್ತಿದೆ ಎಂಬುದಕ್ಕೆ ನಮ್ಮ ರಫೀಕ್ ಮಿಸ್ತ್ರಿ ಹಿಂದಿನ ವಾರವೇ ತೀರ್ಪು ಕೊಟ್ಟಿದ್ದ: "ಪಿಸ್ಟನ್ ರಿಂಗ್ ಸವದು ಖಲಾಸ್, ಸಾವ್ಕಾರ್ರೆ. ಎಂಜಿನ್ ಬಿಚ್ಚಬೇಕ್ರಿ." ತೊಗರಿಬೇಳೆಯ ಅಂಗಡಿ ನಡೆಸುವ ನಮ್ಮವರು ಅದಕ್ಕಿಂತ ಮುಂದೆ ಹೋಗಿ, ಕಾರನ್ನೇ ಸುಲೇಪೇಟದ ಒಬ್ಬರಿಗೆ ಮಾರಿಬಿಡುವುದೆಂದು ತೀರ್ಮಾನಿಸಿದ್ದರು. ಸೋಮವಾರ ಹತ್ತು ಗಂಟೆಗೆ ರಫೀಕ್ ಬಂದು ಕಾರನ್ನು ಗ್ಯಾರೇಜಿಗೆ ಒಯ್ಯುವುದು, ಒಂದಿಷ್ಟು ಸರಿಮಾಡಿ ಅಲ್ಲಿಂದಲೇ ಅವರಿಗೆ ಒಪ್ಪಿಸುವುದು.

ನನ್ನ ಸಂಕಟ ಹೊಗೆಯದ್ದಲ್ಲ. ನಲವತ್ತಾರನೆಯ ವಯಸ್ಸಿನಲ್ಲಿ, ಕುರಕುಂಟಾ ರಸ್ತೆಯ ಖಾಲಿ ದಾರಿಯಲ್ಲಿ, ಎಮ್ಮೆಗಳಿಗೂ "ಎಕ್ಸ್‌ಕ್ಯೂಸ್ ಮಿ" ಅನ್ನುತ್ತ ನಾನು ಡ್ರೈವಿಂಗ್ ಕಲಿತದ್ದು ಇದೇ ಕಾರಿನಲ್ಲಿ. ಚಿತ್ತಾಪುರದ ತಂಗಿಯ ಮನೆಗೆ ಯಾರನ್ನೂ ಕೇಳದೆ ನಾನೇ ಹೋಗಿಬರುವುದೂ ಇದರಲ್ಲೇ. ಹೊಸದು ಬಂದರೆ? ಅದಕ್ಕೂ ಉತ್ತರ ಸಿಕ್ಕಿತ್ತು: "ಹೊಸ ಗಾಡಿಗೆ ನೀ ಒಂದು ವರ್ಷ ಕೈ ಹಚ್ಚಬ್ಯಾಡ." ಆ ಒಂದು ವರ್ಷ ಎಷ್ಟು ವರ್ಷದ್ದೆಂದು ಮದುವೆಯಾದ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವರು ಎಂಜಿನ್ ಆರಿಸಿ ಒಳಗೆ ಹೋದ ಮೇಲೆ ಉಳಿದ ಮೂಲೆಯನ್ನು ತೊಳೆಯಲು ಬಕೆಟ್ ತುಂಬಿಸಿ ಕಾರಿನ ಪಕ್ಕ ಇಟ್ಟೆ. ಗೇಟಿನ ಕಡೆಯ ಅಂಚಿನಲ್ಲಿ ನೀರು ತುಳುಕುತ್ತಿತ್ತು. ಮನೆಯ ಕಡೆಯ ಅಂಚು ಎರಡು ಬೆರಳು ಖಾಲಿ. ನಾನು ಪೊರಕೆ ಹಿಡಿದು ಹಾಗೇ ನಿಂತುಬಿಟ್ಟೆ. ಶಹಾಬಾದಿನ ಕಾನ್ವೆಂಟಿನ ಪ್ರಯೋಗಶಾಲೆಯಲ್ಲಿ, ಓರೆಯಾದ ಮೇಜಿನ ಮೇಲೆ ಅಳತೆಯ ಗಾಜು ಇಟ್ಟು ನೀರಿನ ಮಟ್ಟವನ್ನು ತಪ್ಪಾಗಿ ಓದಿದ್ದಕ್ಕೆ ಸಿಸ್ಟರ್ ನನ್ನಿಂದ ಇಡೀ ಪಾಠವನ್ನು ಮತ್ತೆ ಬರೆಸಿದ್ದರು. ನಮ್ಮ ಅಂಗಳಕ್ಕೆ ಶಹಾಬಾದಿ ಫರಸಿಕಲ್ಲು ಹಾಸಿ ಆಗಲೇ ಮೂರು ತಿಂಗಳು. ನೀರು ಒಂದು ಹನಿಯೂ ನಿಲ್ಲಬಾರದೆಂದು ನಮ್ಮವರು ಬಿಸಿಲಲ್ಲಿ ನಿಂತು, ದಾರ ಹಿಡಿದು, ಗೌಂಡಿಯ ತಲೆ ತಿಂದು ಇಳಿಜಾರು ಮಾಡಿಸಿದ್ದರು. ಅಂದಿನಿಂದ ಕಾರು ಮನೆಯ ಕಡೆ ಮೂತಿ ಮೇಲೆತ್ತಿ ನಿಲ್ಲುತ್ತದೆ. ಕಡ್ಡಿ ಇರುವುದು ಮುಂದೆ, ಎಣ್ಣೆ ಸರಿಯುವುದು ಹಿಂದೆ. ಕಡ್ಡಿ ಸುಳ್ಳು ಹೇಳುತ್ತಿತ್ತು; ಇವರು ನಂಬಿ ಸುರಿಯುತ್ತಿದ್ದರು. ಹೆಚ್ಚಾದದ್ದನ್ನು ಎಂಜಿನ್ ಪಾಪ ಸುಟ್ಟುಹಾಕುತ್ತಿತ್ತು. ಇವರು ಮುಂದಿನ ಸೋಮವಾರ ಮತ್ತೆ ಸುರಿಯುತ್ತಿದ್ದರು!

ಹತ್ತಕ್ಕೆ ರಫೀಕ್ ಬಂದ. ನಾನು ಸೆರಗು ಸರಿಮಾಡಿಕೊಂಡು, "ಮಿಸ್ತ್ರಿ, ಒಂದು ಸಲ ಗಾಡಿ ರಸ್ತಾದ ಮ್ಯಾಲೆ ಸಮ ನಿಂದ್ರಿಸಿ ಎಣ್ಣಿ ನೋಡೂಣೇನ್ರಿ?" ಎಂದೆ.

"ನೀ ಒಳಗ ಹೋಗಿ ಚಹಾ ಇಡು," ಎಂದರು ನಮ್ಮವರು.

ಇಟ್ಟೆ. ಅದು ಕುದಿಯುವಷ್ಟರಲ್ಲಿ ಮೊಳೆಯ ಮೇಲಿನ ಚಾವಿ ತೆಗೆದುಕೊಂಡು ಬಂದು, ಗೇಟಿನ ಕಂಬಕ್ಕೆ ಕನ್ನಡಿ ತಾಗಿಸದೆ, ನಾನೇ ಕಾರನ್ನು ಹಿಮ್ಮುಖವಾಗಿ ರಸ್ತೆಗೆ ಇಳಿಸಿದೆ. "ಏ, ಏ, ಕಂಬ! ಕಂಬ!" ಎಂದು ನಮ್ಮವರು ಕೂಗಿದ್ದು ಬಹುಶಃ ವಾಡಿ ಜಂಕ್ಷನ್ನಿಗೂ ಕೇಳಿರಬೇಕು. ಎಂಜಿನ್ ಆರಿಸಿ ಅಂದೆ: "ಈಗ ಚಹಾ ಕುಡೀರಿ. ಎಣ್ಣಿ ತಳಕ್ಕ ಇಳೀಲಿ."

ಕಪ್ಪುಗಳು ಖಾಲಿಯಾದವು. ರಫೀಕ್ ಕಡ್ಡಿ ಒರೆಸಿ, ಅದ್ದಿ, ಎಳೆದ. ಮೇಲಿನ ಗೆರೆಯನ್ನೂ ದಾಟಿ ಹೆಬ್ಬೆರಳಿನಷ್ಟು ಎತ್ತರಕ್ಕೆ ಎಣ್ಣೆ ಮಿನುಗುತ್ತಿತ್ತು.

"ಯಾ ಅಲ್ಲಾ! ಸಾವ್ಕಾರ್ರೆ, ಗಾಡಿಗಿ ಬ್ಯಾನಿ ಇಲ್ರಿ, ಅಜೀರ್ಣ ಆಗ್ಯದ! ಅಳಿಯಗ ಬಡಿಸಿದಂಗ ಬಡಿಸೀರಲ್ರಿ!"

"ಮತ್ತ ನೀನs ರಿಂಗ್ ಹೋಗ್ಯಾವ ಅಂದಿ?"

"ನೀವs ವಾರಾ ವಾರಾ ಎಣ್ಣಿ ಕಡಿಮಿ ಆಗ್ತದ ಅಂದ್ರಿ. ಸಾವ್ಕಾರ್ರ ಮಾತು ಸುಳ್ಳಂತ ಹ್ಯಾಂಗ ಅನ್ಲಿ?" ಎಂದು ರಫೀಕ್ ನನ್ನ ಕಡೆ ತಿರುಗಿ, "ಭಾಭಿ, ನೀವು ಹೇಳಿದ್ದು ಬರೋಬ್ಬರಿ ಅದರಿ," ಎಂದ. ಆ ಮಾತನ್ನು ಬರೆಸಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಆಸೆಯಾಯಿತು.

ಹೆಚ್ಚಿನ ಎಣ್ಣೆ ತೆಗೆದದ್ದಾಯಿತು. ಒಳಗೆ ಅಂಟಿದ್ದು ಸುಟ್ಟುಹೋಗಲೆಂದು ಮಳಖೇಡದವರೆಗೆ ಒಂದು ಸುತ್ತು. ಚಾಲಕಿ ನಾನು. ನಮ್ಮವರು ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಹಿಂದಿನ ಗಾಜನ್ನೇ ನೋಡುತ್ತಿದ್ದರು. ಹೋಗುವಾಗ ತೆಳ್ಳಗೆ ಕಂಡ ಹೊಗೆ ಬರುವಾಗ ಇರಲೇ ಇಲ್ಲ. ಮನೆ ಹತ್ತಿರವಾದಾಗ ಅವರು ಸುಲೇಪೇಟಕ್ಕೆ ಫೋನು ಹಚ್ಚಿದರು: "ಇಲ್ರಿ, ಗಾಡಿ ಕೊಡಂಗಿಲ್ಲ. ನಮ್ಮ ಮನಿಯಾಕಿ ಓಡಸ್ತಾಳ್ರಿ."

ಇಷ್ಟು ದೊಡ್ಡ ಗೆಲುವನ್ನು ಒಳಗೇ ಇಟ್ಟುಕೊಳ್ಳುವ ಸಂಯಮವನ್ನು ಯಾವ ಕಾನ್ವೆಂಟೂ ಕಲಿಸುವುದಿಲ್ಲ. ಸಂಜೆ ಸೊಪ್ಪು ಸೋಸುವ ನೆಪದಲ್ಲಿ ಕಟ್ಟೆಯ ಮೇಲೆ ಕೂತು, ಯಾರಾದರೂ ಕೇಳಲೆಂದು ಕಾದೆ. ಒಂದು ಕಟ್ಟು ಮೆಂತ್ಯ ಮುಗಿಯಿತು, ಪುಂಡಿಪಲ್ಲೆಯೂ ಮುಗಿಯಿತು. ಕೊನೆಗೆ ಪಕ್ಕದ ಮನೆಯ ಸಿದ್ದಮ್ಮ ಕಾಕಿ ಬಂದು ಗೋಡೆಗೆ ಆತು ನಿಂತರು. ನಾನೇ ತಡೆಯಲಾರದೆ, "ಕಾಕಿ, ನಮ್ಮ ಗಾಡಿ ಹೊಗಿ ನಿಂತದ ನೋಡ್ರಿ," ಎಂದೆ. ಮುಂದೆ ಹೇಳಲು ಬಕೆಟ್ಟು, ಇಳಿಜಾರು, ಕಡ್ಡಿ ಎಲ್ಲ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು.

ಕಾಕಿ ತಮ್ಮ ಮೊಣಕೈ ಮೇಲೆ ಪಟ್ಟನೆ ಹೊಡೆದುಕೊಂಡು ಅಂಗೈ ನೋಡಿಕೊಂಡರು.

"ಹಂಗಂತೀ? ಅದಕ್ಕs ನೋಡವ್ವ, ಇವತ್ತ ಹಾಳಾದ ಸೊಳ್ಳಿ ಇಷ್ಟು ಆಗ್ಯಾವ."