ವಾಕ್, ವಾಕ್ಡ್, ವಾಕ್ಡ್ ಮತ್ತು ನನ್ನ ಸಿಟ್ಟು

ಸಿಟ್ಟು ನನಗೆ ತವರಿನಿಂದ ಬಂದ ಬಳುವಳಿ. ಅರಸೀಕೆರೆಯಲ್ಲಿ ನಮ್ಮಪ್ಪ ರೈಲು ತಡವಾದರೆ ಸ್ಟೇಷನ್ನಿನವರನ್ನು ಬೈಯುತ್ತಿರಲಿಲ್ಲ, ರೈಲನ್ನೇ ಬೈಯುತ್ತಿದ್ದರು. ಅದು ಬಂದು ನಿಂತ ಮೇಲೂ ಎದುರಿಗೆ ನಿಂತು ಬೈಯುತ್ತಿದ್ದರು. ಎಷ್ಟೋ ಸಲ ಬೈಗುಳ ಮುಗಿಯುವ ಮೊದಲೇ ಅದು ಅವರನ್ನು ಬಿಟ್ಟು ಹೊರಟೂ ಹೋಗುತ್ತಿತ್ತು. ಅಂಥವರ ಮಗಳು ಪ್ರೈಮರಿ ಶಾಲೆಯ ಟೀಚರಾದದ್ದು ಸರಿಯಾಗಿಯೇ ಇದೆ. ಬೈಯುವುದಕ್ಕೂ ಸೇರಿಸಿ ಸಂಬಳ ಕೊಡುವ ಕೆಲಸ ಬೇರೆ ಯಾವುದಿದೆ? ಬೇಲೂರಿನಿಂದ ಬಸ್ಸು ಹಿಡಿದು, ಹಗರೆ ಹತ್ತಿರದ ಒಂದು ಸಣ್ಣ ಹಳ್ಳಿಯಲ್ಲಿ ಬಹಳ ವರ್ಷಗಳಿಂದ ನಾಲ್ಕನೇ ತರಗತಿಗೆ ಪಾಠ ಹೇಳಿಕೊಂಡು ಸುಖವಾಗಿದ್ದೆ. ಅಷ್ಟರಲ್ಲಿ, ಇನ್ನು ಮೇಲೆ ಚಿಕ್ಕ ತರಗತಿಗಳಿಗೂ ಇಂಗ್ಲಿಷ್ ಕಲಿಸಬೇಕು ಎಂದು ಸರ್ಕಾರದ ಅಪ್ಪಣೆ ಬಂತು.

ಕಲಿಸೋಣ, ಅದಕ್ಕೇನು. ಆದರೆ ಮೊದಲು ನಾನು ಕಲಿಯಬೇಕಂತೆ. ಬೇಲೂರಿನಲ್ಲಿ ನಮಗೆಲ್ಲ ತರಬೇತಿ ಇಟ್ಟರು. ತರಬೇತಿ ಕೊಡಲು ಬಂದವನು ಗಂಡಸಿ ಕಡೆಯ ಹುಡುಗ. ಅವನ ಮೀಸೆ ಬರಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿತ್ತು. ಇಂಗ್ಲಿಷಿನ ಕ್ರಿಯಾಪದಗಳಲ್ಲಿ ಸಾಧುಗಳು, ತಂಟೆಕೋರರು ಎಂದು ಎರಡು ಬಗೆ, ಸದ್ಯ ಸಾಧುಗಳನ್ನಷ್ಟೇ ಹಿಡಿಯೋಣ, ಕೊನೆಗೊಂದು 'ಡ್' ಅಂಟಿಸಿದರೆ ಇವತ್ತಿನ ಕೆಲಸ ನಿನ್ನೆಯದಾಗುತ್ತದೆ ಎಂದ. ಇಷ್ಟೇ ತಾನೆ ಎಂದುಕೊಂಡೆ. ಆಮೇಲೆ ನೋಡಿದರೆ ಆ 'ಡ್' ಒಂದು ಕಡೆ 'ಟ್' ಆಗುತ್ತದೆ, ಇನ್ನೊಂದು ಕಡೆ 'ಟೆಡ್' ಆಗುತ್ತದೆ. ಸಾಧುಗಳದೇ ಈ ಗತಿಯಾದರೆ ತಂಟೆಕೋರರ ಸಹವಾಸ ಹೇಗಿರಬೇಡ! ನನಗೆ ಮೈಯೆಲ್ಲ ಉರಿಯಿತು. ಅದರ ಮೇಲೆ ನಮ್ಮ ಹೆಡ್‌ಮಾಸ್ಟರು, ಆ ಹುಡುಗ ಶಾಲೆಗೇ ಬಂದು ನನ್ನ ಪಾಠ ನೋಡುತ್ತಾನೆ, ಸರಿಬರದಿದ್ದರೆ ನಾಲ್ಕನೇ ತರಗತಿಯನ್ನು ಹಳೇಬೀಡಿನಿಂದ ಬಂದಿರುವ ಹೊಸ ಟೀಚರಿಗೆ ಕೊಟ್ಟು ನನ್ನನ್ನು ಬಿಸಿಯೂಟದ ಉಸ್ತುವಾರಿಗೆ ಹಾಕಬೇಕಾಗುತ್ತದೆ ಎಂದು ಮೆಲ್ಲಗೆ ತಿಳಿಸಿದರು. ನನ್ನ ಮಕ್ಕಳನ್ನು ಬೇರೆಯವರಿಗೆ ಕೊಟ್ಟು ನಾನು ಸಾಂಬಾರಿಗೆ ಉಪ್ಪಾಯಿತೇ ಎಂದು ನೋಡುತ್ತ ನಿಲ್ಲಬೇಕೇ? ಅವತ್ತು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಅತ್ತದ್ದೂ ಸಿಟ್ಟಿಗೇ.

ಮನೆಯಲ್ಲಾದರೂ ನೆಮ್ಮದಿ ಉಂಟೇ? ನಮ್ಮ ಯಜಮಾನರು ಹಳೇಬೀಡಿನಲ್ಲಿ ಹುಟ್ಟಿ ಬೆಳೆದವರು. ದೇವಸ್ಥಾನ ನೋಡಲು ಬಂದ ವಿದೇಶಿಯರ ಹಿಂದೆ ಸುತ್ತಿ ಇಂಗ್ಲಿಷ್ ಕಲಿತವನು ನಾನು ಎಂಬ ಜಂಬ ಅವರಿಗೆ ಇವತ್ತಿಗೂ ಇಳಿದಿಲ್ಲ. ನನ್ನ ತರಬೇತಿಯ ಸುದ್ದಿ ಕೇಳಿದ್ದೇ ತಡ, ನನಗೆ ತಾವೇ ಮೇಷ್ಟರಾದರು. ನಾನು ಒಗ್ಗರಣೆ ಹಾಕುವಾಗ ಬಾಗಿಲಲ್ಲಿ ನಿಂತು "ಎಲ್ಲಿ, 'ಕುಕ್' ಹೇಳು ನೋಡೋಣ" ಎನ್ನುವರು. ಬಟ್ಟೆ ಒಗೆಯುವಾಗ 'ವಾಷ್' ಕೇಳುವರು. ಒಗೆಯುವುದು ನಾನು, ಅದರ ಭೂತಕಾಲ ವಿಚಾರಿಸುವುದು ಅವರು. ಒಂದು ದಿನ ಊಟಕ್ಕೆ ಕೂತು 'ಸರ್ವ್' ಎಂದರು. ಸೌಟನ್ನು ಸಾರಿನ ಪಾತ್ರೆಯಲ್ಲೇ ಬಿಟ್ಟು ಎದ್ದು ಹೋದೆ. ಅವತ್ತು ಅವರು ತಾವೇ ಬಡಿಸಿಕೊಂಡರು, ಅದೂ ವರ್ತಮಾನಕಾಲದಲ್ಲಿ.

ಪಾಠದ ದಿನ ಬಂತು. ಆ ಹುಡುಗ, ಹೆಡ್‌ಮಾಸ್ಟರು, ಹೊಸ ಟೀಚರ್ ಮೂವರೂ ಹಿಂದುಗಡೆ ಕುರ್ಚಿ ಹಾಕಿಕೊಂಡು ಕೂತರು. ನಾನು ಮಗ್ಗಿ ಹೇಳಿಸಿ ಪಳಗಿದವಳು. ನಮ್ಮ ಶಾಲೆಯಲ್ಲಿ ಮುಂದೆ ನಿಂತವರು ಒಂದು ಸಲ ಹೇಳಿದರೆ ಇಡೀ ತರಗತಿ ಅದೇ ರಾಗದಲ್ಲಿ ತಿರುಗಿ ಹೇಳಬೇಕು. ಇಂಗ್ಲಿಷಿಗೂ ಅದೇ ರಾಗ ಕಟ್ಟಿದ್ದೆ. ಯಾರ ಮುಖವನ್ನೂ ನೋಡಬೇಡಿ, ನನ್ನ ಬಾಯಿಂದ ಏನು ಬಂದರೂ ಜೋರಾಗಿ ಹೇಳಿ, ನಿಲ್ಲಿಸಿದರೆ ಬೆನ್ನು ಮುರಿಯುತ್ತೇನೆ ಎಂದು ಮಕ್ಕಳಿಗೆ ಹಿಂದಿನ ದಿನವೇ ಹೇಳಿಟ್ಟಿದ್ದೆ. "ವಾಕ್, ವಾಕ್ಡ್, ವಾಕ್ಡ್" ಎಂದೆ. ಹೆಂಚು ಹಾರುವ ಹಾಗೆ ಹೇಳಿದವು. ನನ್ನ ಎದೆ ಉಬ್ಬಿತು. 'ಟಾಕ್'ಗೆ ಬರುವಷ್ಟರಲ್ಲಿ ಆ ಹುಡುಗ ಎದ್ದು ನಿಂತು, ಹಾಗಲ್ಲ ಮೇಡಂ, ಅಲ್ಲಿ 'ಟ್' ಬರಬೇಕು ಎಂದು ಮಕ್ಕಳೆದುರಿಗೇ ತಿದ್ದಿದ. ನನ್ನ ಅಪ್ಪ, ರೈಲು, ಎಲ್ಲ ಒಟ್ಟಿಗೆ ತಲೆಗೇರಿದರು. ಬೋರ್ಡಿನ ಕಡೆ ತಿರುಗಿಕೊಂಡು ಹಲ್ಲು ಕಚ್ಚಿ ಗೊಣಗಿದೆ.

"ಮೀಸೆ ಚಿಗುರಿದ್ದು ಮೊನ್ನೆ, ನಂಗೆ ಪಾಠ ಹೇಳಕ್ಕೆ ಬಂದ್ಬಿಟ್ಟ."

ಮುಂದಿನ ಸಾಲಿನವಕ್ಕೆ ಕೇಳಿಸಿತು. ಮುಂದಿನ ಸಾಲು ಹಿಡಿದದ್ದನ್ನು ಹಿಂದಿನ ಸಾಲು ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಇಡೀ ನಾಲ್ಕನೇ ತರಗತಿ ಮಗ್ಗಿಯ ರಾಗದಲ್ಲಿ, ಒಂದಕ್ಷರ ಬಿಡದೆ, ಮೀಸೆ ಚಿಗುರಿದ್ದನ್ನು ಸಾರಿತು. ನಾನು ಗಾಬರಿಯಾಗಿ ತಿರುಗಿ "ಬಾಯ್ ಮುಚ್ರೋ" ಎಂದೆ. ಅದನ್ನೂ ಹಿಂದಿನ ಕುರ್ಚಿಗಳಿಗೆ ಕೇಳುವಷ್ಟು ಜೋರಾಗಿ ಹೇಳಿದವು. ಆಮೇಲೆ ನಾನೇ ಬಾಯಿ ಮುಚ್ಚಿದೆ. ತರಗತಿ ಹೋಯಿತು, ಇನ್ನು ಸಾಂಬಾರೇ ಗತಿ ಎಂದುಕೊಂಡೆ.

ಆ ಹುಡುಗ ಮೀಸೆ ಮುಟ್ಟಿಕೊಂಡು, ಉಚ್ಚಾರಣೆ ಸ್ಪಷ್ಟವಾಗಿದೆ ಎಂದಷ್ಟೇ ಹೇಳಿ ಬಸ್ಸಿಗೆ ಹೊರಟ. ಸಂಜೆ ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. "ಹೊಸ ಟೀಚರು ಆ ಕ್ಲಾಸು ಸುತರಾಂ ಬೇಡ ಅಂತಾರೆ ಕಣ್ರೀ. ನೀವೇ ಇಟ್ಕೊಳ್ಳಿ" ಎಂದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಹೊರಗೆ ಬಂದ ಮೇಲೆ ಆ ಟೀಚರ ಮೇಲೆ ಸಿಟ್ಟು ಬಂತು. ನನ್ನ ಮಕ್ಕಳಿಗೆ ಏನು ಕಡಿಮೆಯಾಗಿತ್ತಂತೆ?

ಈಗ ತರಗತಿಯಲ್ಲಿ ಬೈಯುವುದಕ್ಕೆ ಧೈರ್ಯವಿಲ್ಲ, ಅಂದದ್ದು ರಾಗವಾಗಿ ವಾಪಸ್ಸು ಬರುತ್ತದೆ. ಅದಕ್ಕೇ ಸಿಟ್ಟು ಬಂದಾಗೆಲ್ಲ ತುಟಿ ಬಿಗಿಹಿಡಿದು ಮನಸ್ಸಿನಲ್ಲೇ ವಾಕ್, ವಾಕ್ಡ್, ವಾಕ್ಡ್ ಎಂದು ಶುರುಮಾಡಿ, ಅದು ಇಳಿಯುವವರೆಗೂ ಒಂದಾದ ಮೇಲೊಂದು ಕ್ರಿಯಾಪದ ಹೇಳಿಕೊಳ್ಳುತ್ತೇನೆ. ಮೊನ್ನೆ ಯಜಮಾನರು ಪರೀಕ್ಷೆ ಮಾಡಲು ಕೂತು, ಕೇಳುವುದಕ್ಕೆ ಪದ ಸಿಗದೆ ಎದ್ದು ಹೋದರು. ನಿನಗೆ ಇಷ್ಟೊಂದು ಇಂಗ್ಲಿಷ್ ಯಾವಾಗ ಬಂತೇ ಎಂದು ಬಾಗಿಲಲ್ಲಿ ನಿಂತು ಬೆರಗಾದರು. ನಾನು ಮನಸ್ಸಿನಲ್ಲೇ ಇನ್ನೊಂದು ಕ್ರಿಯಾಪದ ಶುರುಮಾಡಿದೆ.